‘ಲಾಜಿಕ್ಕೇ ಇಲ್ಲ ಮಾರಾಯ’: ಸಿನಿಮಾ ಜಗಳದಲ್ಲಿ ನಾವು ನಿಜಕ್ಕೂ ಏನು ಕೇಳುತ್ತಿದ್ದೇವೆ?

ಸಿನಿಮಾ ಮುಗಿಸಿ ಥಿಯೇಟರಿನಿಂದ ಹೊರಗೆ ಬಂದ ಯಾವ ಗುಂಪಿನಲ್ಲಾದರೂ ಎರಡು ಮಾತು ಕೇಳಿಸುತ್ತವೆ. ಒಬ್ಬರು ‘ಲಾಜಿಕ್ಕೇ ಇಲ್ಲ’ ಅನ್ನುತ್ತಾರೆ, ಇನ್ನೊಬ್ಬರು ‘ಸಿನಿಮಾನ ಸಿನಿಮಾ ಥರ ನೋಡು’ ಅನ್ನುತ್ತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ, ಇಲ್ಲವೇ ಪಾರ್ಕಿಂಗ್ ಜಾಗದಲ್ಲೇ ಜಗಳ ಶುರುವಾಗುತ್ತದೆ. ಎರಡೂ ಮಾತಿನ ಬಗ್ಗೆ ನನಗೆ ತಕರಾರಿದೆ. ಮೊದಲನೆಯದು ಒಂದಕ್ಕೊಂದು ಸಂಬಂಧವೇ ಇಲ್ಲದ ಐದಾರು ದೂರುಗಳನ್ನು ಒಂದೇ ಹೆಸರಿನಲ್ಲಿ ಹೇಳಿಬಿಡುತ್ತದೆ. ಎರಡನೆಯದು, ಕತೆಯನ್ನು ಗಟ್ಟಿಯಾಗಿ ಹೆಣೆಯಲು ವರ್ಷಗಟ್ಟಲೆ ಕೂರುವ ಬರಹಗಾರರ ಕಸುಬಿಗೇ ಬೆಲೆ ಇಲ್ಲದಂತೆ ಮಾಡುತ್ತದೆ. ಯಾವ ದೂರು ಯಾವ ಜಾತಿಯದು ಅಂತ ಬಿಡಿಸಿಕೊಂಡರೆ ಈ ಜಗಳ ಎಷ್ಟು ಸ್ವಾರಸ್ಯದ್ದು ಅನ್ನುವುದು ಗೊತ್ತಾಗುತ್ತದೆ. ಅದಕ್ಕೆ ಎಲ್ಲರೂ ನೋಡಿರುವ ಒಂದು ಸಿನಿಮಾವನ್ನೇ ಹಿಡಿದುಕೊಳ್ಳುತ್ತೇನೆ.

ಜೀತು ಜೋಸೆಫ್ ಬರೆದು ನಿರ್ದೇಶಿಸಿದ ಮಲಯಾಳಂನ ‘ದೃಶ್ಯಂ’ ಬಂದದ್ದು 2013ರಲ್ಲಿ. ಮರುವರ್ಷ ಪಿ. ವಾಸು ಅದನ್ನು ರವಿಚಂದ್ರನ್ ಅವರನ್ನಿಟ್ಟುಕೊಂಡು ‘ದೃಶ್ಯ’ ಎಂದು ಕನ್ನಡಕ್ಕೆ ತಂದರು. ತೆಲುಗಿನಲ್ಲಿ ವೆಂಕಟೇಶ್, ತಮಿಳಿನಲ್ಲಿ ಕಮಲ್ ಹಾಸನ್, ಹಿಂದಿಯಲ್ಲಿ ಅಜಯ್ ದೇವಗನ್ ಅದೇ ಪಾತ್ರ ಮಾಡಿದರು. ಇವುಗಳಲ್ಲಿ ಒಂದನ್ನೂ ನೋಡಿಲ್ಲದವರು ಮೊದಲು ನೋಡಿಕೊಂಡು ಬನ್ನಿ. ಮುಂದೆ ಗುಟ್ಟೆಲ್ಲ ಬಯಲಾಗುತ್ತದೆ.

ಹೆಚ್ಚು ಓದದ, ಸಿನಿಮಾ ಹುಚ್ಚಿನ ಕೇಬಲ್ ಟಿವಿಯವನೊಬ್ಬ. ಅವನ ಮಗಳನ್ನು ವಿಡಿಯೊ ಇಟ್ಟುಕೊಂಡು ಬ್ಲ್ಯಾಕ್‌ಮೇಲ್ ಮಾಡಲು ಬಂದ ಹುಡುಗ ಮನೆಯ ಹೆಂಗಸರ ಕೈಯಲ್ಲಿ ಸಾಯುತ್ತಾನೆ. ಸತ್ತವನು ಪೊಲೀಸ್ ಮಹಾನಿರೀಕ್ಷಕಿಯ ಮಗ. ಮಲಯಾಳಂ ಮೂಲದಲ್ಲಿ ಅದು ಆಗಸ್ಟ್ 2ರ ರಾತ್ರಿ. ಆಮೇಲೆ ಆ ಕೇಬಲ್ ಟಿವಿಯವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಡುತ್ತಾನೆ. ಬಸ್ಸು, ಹೋಟೆಲು, ಲಾಡ್ಜು, ಸಿನಿಮಾ ಟಾಕೀಸು ಎಲ್ಲ ಕಡೆಯೂ ನಾಲ್ಕು ಜನರ ಕಣ್ಣಿಗೆ ಬೀಳುತ್ತಾನೆ. ಸ್ವಲ್ಪ ದಿನ ಬಿಟ್ಟು ಅದೇ ಜನರನ್ನು ಮತ್ತೆ ಭೇಟಿಯಾಗಿ, ‘ನಾವು ಆಗಸ್ಟ್ 2, 3ರಂದು ಬಂದಿದ್ದೆವಲ್ಲ’ ಅಂತ ಮಾತಿನ ನಡುವೆ ಹಿಂದಿನ ತಾರೀಕನ್ನು ಸೇರಿಸಿಬಿಡುತ್ತಾನೆ. ತನಿಖೆ ಶುರುವಾಗುವ ಹೊತ್ತಿಗೆ ಸಾಕ್ಷಿಗಳು ಸುಳ್ಳು ಹೇಳುತ್ತಿರುವುದಿಲ್ಲ, ತಾವು ನಂಬಿದ್ದನ್ನೇ ಹೇಳುತ್ತಿರುತ್ತಾರೆ.

ಈ ಸಿನಿಮಾದ ಮೇಲೆ ಬರುವ ಆಕ್ಷೇಪಗಳು ಒಂದೆರಡಲ್ಲ. ನಮ್ಮ ಭಾವ ಕಟ್ಟಡದ ಕಂಟ್ರಾಕ್ಟರ್. ಆಗಿನ್ನೂ ಕಟ್ಟುತ್ತಿದ್ದ ಹೊಸ ಪೊಲೀಸ್ ಠಾಣೆಯ ನೆಲದಡಿಯಲ್ಲೇ ನಾಯಕ ಹೆಣ ಹೂತಿದ್ದಾನೆ ಅಂತ ಕೊನೆಯಲ್ಲಿ ಗೊತ್ತಾದಾಗ ಇಡೀ ಮನೆ ಚಪ್ಪಾಳೆ ತಟ್ಟಿದರೆ ಅವರು ಮಾತ್ರ ಮುಖ ಗಂಟಿಕ್ಕಿದರು.

“ಆಳ ತೋಡಿ ಮತ್ತೆ ಮಣ್ಣು ಮುಚ್ಚಿದ ಜಾಗ ಹಂಗೇ ಇರುತ್ತೇನೋ? ನೀರು ಬಿಟ್ಟು, ಸರಿಯಾಗಿ ದಮ್ಮಸು ಹೊಡೀದಿದ್ರೆ ಒಂದೇ ಮಳೆಗಾಲಕ್ಕೆ ಕೂರುತ್ತೆ. ಮೇಲಿನ ಬೆಡ್ ಕಾಂಕ್ರೀಟ್ ಬಿರುಕು ಬಿಡುತ್ತೆ. ಟೈಲ್ಸ್ ತಟ್ಟಿದ್ರೆ ಟೊಳ್ಳು ಸದ್ದು ಬರುತ್ತೆ. ಮೇಸ್ತ್ರಿ ಕಣ್ಣಿಗೆ ಬೀಳದೇ ಇರುತ್ತಾ?”

“ಬಿರುಕು ಬಿಡೋದ್ರೊಳಗೆ ಸಿನಿಮಾ ಮುಗಿದಿದೆಯಲ್ಲ ಭಾವ.”

“ಸಿನಿಮಾ ಮುಗಿದ್ರೂ ಬಿಲ್ಡಿಂಗ್ ಇರುತ್ತಲ್ಲ ಮಾರಾಯ!”

ಭಾವ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಅದು ಕತೆಯ ತೂತಲ್ಲ, ಅಂದರೆ ಪ್ಲಾಟ್ ಹೋಲ್ ಅಲ್ಲ. ಅದು ಹೊರಗಿನ ಲೋಕದ ಸಂಗತಿ: ಮಣ್ಣು ಹೇಗೆ ನಡೆದುಕೊಳ್ಳುತ್ತದೆ ಅನ್ನುವ ಪ್ರಶ್ನೆ. ನಮ್ಮಕ್ಕ ಕೇಳಿದ್ದು ಇನ್ನೊಂದು: “ಮೊದಲೇ ಹೋಗಿ ಪೊಲೀಸರ ಹತ್ತಿರ ಹೇಳಿಬಿಡಬಹುದಿತ್ತಲ್ಲ, ಆತ್ಮರಕ್ಷಣೆಗೆ ಹೊಡೆದದ್ದು ತಾನೆ?” ಇದು ಪಾತ್ರ ತೆಗೆದುಕೊಂಡ ತೀರ್ಮಾನದ ಬಗೆಗಿನ ಪ್ರಶ್ನೆ. ಸತ್ತವನ ತಾಯಿ ಯಾರು ಅನ್ನುವುದರಲ್ಲೇ ಅದಕ್ಕೆ ಉತ್ತರ ಇದೆ, ಮತ್ತು ಹೆದರಿದ ಮನುಷ್ಯ ನಾವು ಸೋಫಾ ಮೇಲೆ ಕೂತು ಯೋಚಿಸಿದ ಹಾಗೆ ಯೋಚಿಸುವುದಿಲ್ಲ. ಪಾತ್ರ ದಡ್ಡತನ ಮಾಡಿತು ಅನ್ನುವುದು ಎಷ್ಟೋ ಸಲ ಕತೆಯೇ ಆಗಿರುತ್ತದೆ.

ಇನ್ನೊಬ್ಬರ ಪ್ರಶ್ನೆ: ಅವನು ಅಲ್ಲಿ ಹೂಳುವಾಗ ಯಾರೂ ನೋಡಲಿಲ್ಲವೇ? ಇದು ತೋರಿಸದೆ ಬಿಟ್ಟ ಜಾಗ. ಸಿನಿಮಾ ಹೇಳದೇ ಇರುವುದಕ್ಕೂ ತಪ್ಪು ಹೇಳುವುದಕ್ಕೂ ಬಹಳ ವ್ಯತ್ಯಾಸ ಇದೆ. ಇದರ ಮುಂದಿನ ಕತೆ ಕೇಳಿ. 2021ರಲ್ಲಿ ಬಂದ ‘ದೃಶ್ಯಂ 2’ ಇದೇ ಪ್ರಶ್ನೆಯ ಮೇಲೆ ನಿಂತಿದೆ. ಆ ರಾತ್ರಿ ಇನ್ನೊಬ್ಬ ಅಪರಾಧಿ ಪೊಲೀಸರಿಂದ ತಪ್ಪಿಸಿಕೊಂಡು ಅಲ್ಲೇ ಅಡಗಿದ್ದ, ಠಾಣೆಯಿಂದ ಹೊರಗೆ ಬಂದವನನ್ನು ಅವನು ನೋಡಿದ್ದ. ನೋಡುಗರು ತೂತು ಅಂತ ಬೆರಳು ತೋರಿಸಿದ ಜಾಗಕ್ಕೇ ಬರಹಗಾರ ಮತ್ತೆ ಬಂದು ಎರಡನೇ ಸಿನಿಮಾದ ಬೀಜ ಬಿತ್ತಿದ. ಕತೆಗಾರಿಕೆಯ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಉದಾಹರಣೆ ಇದು.

ಇವೆಲ್ಲಕ್ಕಿಂತ ತೂಕದ್ದು ತಾರೀಕಿನ ಪ್ರಶ್ನೆ. ಇಡೀ ಕತೆ ನಿಂತಿರುವುದೇ ‘ಜನರ ನೆನಪಿನಲ್ಲಿ ದಿನ ಬದಲಾಯಿಸಬಹುದು’ ಎನ್ನುವುದರ ಮೇಲೆ. ನೆನಪಿನ ಮಟ್ಟಿಗೆ ಅದು ಗಟ್ಟಿ ಆಧಾರ. ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲೇ ಇದನ್ನು ತೋರಿಸಿದ್ದರು. ಕಾರುಗಳು ಗುದ್ದಿಕೊಳ್ಳುವ ಒಂದೇ ಫಿಲ್ಮನ್ನು ನೋಡಿದವರಿಗೆ ಪ್ರಶ್ನೆಯಲ್ಲಿನ ಕ್ರಿಯಾಪದ ಮಾತ್ರ ಬದಲಿಸಿ ಕೇಳಿದಾಗ, ‘ಅಪ್ಪಚ್ಚಿಯಾಗುವಂತೆ ಗುದ್ದಿದವು’ ಅನ್ನುವ ಅರ್ಥದ ಮಾತು ಕೇಳಿದವರು ಹೆಚ್ಚಿನ ವೇಗ ಹೇಳಿದರು. ಒಂದು ವಾರದ ನಂತರ, ಫಿಲ್ಮಿನಲ್ಲಿ ಇಲ್ಲವೇ ಇಲ್ಲದ ಒಡೆದ ಗಾಜನ್ನು ಕಂಡೆವು ಎಂದವರೂ ಅವರಲ್ಲೇ ಹೆಚ್ಚು. ಹಾಗಾಗಿ ಹೋಟೆಲಿನವನು, ಕಂಡಕ್ಟರು ಮೋಸಹೋಗುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಮನುಷ್ಯರ ನೆನಪನ್ನು ಬಿಟ್ಟು ತಾನೇ ತಾರೀಕು ಬರೆದಿಡುವ ಜಾಗಗಳೂ ಇರುತ್ತವಲ್ಲ: ರಿಜಿಸ್ಟರು, ರಸೀದಿ ಪುಸ್ತಕ, ಫೋನ್ ಕಂಪನಿಯ ದಾಖಲೆ. ಅಂಥ ಒಂದೊಂದಕ್ಕೂ ಕತೆ ಉತ್ತರ ಕೊಡಬೇಕು. ‘ದೃಶ್ಯ’ದ ಬಗ್ಗೆ ಜಗಳ ಆಡುವುದಾದರೆ ಇಲ್ಲಿ ಆಡಬೇಕು, ಟೈಲ್ಸಿನ ಹತ್ತಿರ ಅಲ್ಲ. ಭಾವನ ಭಾಷೆಯಲ್ಲೇ ಹೇಳುವುದಾದರೆ, ಗಾರೆಯ ಮೇಲಿನ ಕೂದಲೆಳೆ ಬಿರುಕು ಬೇರೆ, ಪಿಲ್ಲರಿನಲ್ಲಿ ಬಿಟ್ಟ ಬಿರುಕು ಬೇರೆ.

ಹಾಗಾದರೆ ನಿಜವಾದ ಪ್ಲಾಟ್ ಹೋಲ್ ಯಾವುದು?

ಸಿನಿಮಾ ತಾನೇ ಹೇಳಿದ ಅಥವಾ ತೋರಿಸಿದ ಎರಡು ಸಂಗತಿಗಳು ಒಟ್ಟಿಗೆ ನಿಜವಾಗಿರಲು ಸಾಧ್ಯವೇ ಇಲ್ಲ, ಆದರೂ ಕತೆ ಮುಂದೆ ಹೋಗಲು ಎರಡೂ ಬೇಕು. ಆಗ ಅದು ಪ್ಲಾಟ್ ಹೋಲ್. ಈ ಅಳತೆ ಇಟ್ಟುಕೊಂಡು ನೋಡಿದರೆ ನಾವು ದಿನಾ ತೂತು ಅನ್ನುವುದರಲ್ಲಿ ಮುಕ್ಕಾಲುಪಾಲು ಬಿದ್ದುಹೋಗುತ್ತದೆ.

ಮಕ್ಕಳ ಜೊತೆ ‘ಟಾಯ್ ಸ್ಟೋರಿ’ (1995) ನೋಡಿದವರಿಗೆ ಒಂದು ನೆನಪು ಮಾಡುತ್ತೇನೆ. ಮನುಷ್ಯರು ಬಂದ ಕೂಡಲೇ ಆಟಿಕೆಗಳೆಲ್ಲ ಜೀವವಿಲ್ಲದಂತೆ ಬಿದ್ದುಕೊಳ್ಳಬೇಕು, ಅದು ಆ ಲೋಕದ ನಿಯಮ. ಬಜ್ ಲೈಟ್‌ಇಯರ್ ತಾನು ಆಟಿಕೆ ಅಂತಲೇ ನಂಬುವುದಿಲ್ಲ, ತಾನು ನಿಜವಾದ ಅಂತರಿಕ್ಷ ಯೋಧ ಅಂದುಕೊಂಡಿದ್ದಾನೆ. ಆದರೂ ಮನುಷ್ಯರ ಎದುರು ಅವನೂ ಅಲುಗಾಡದೆ ಬಿದ್ದುಕೊಳ್ಳುತ್ತಾನೆ. ಏಕೆ? ಸಿನಿಮಾ ಹೇಳುವುದಿಲ್ಲ. ಇದು ಪಕ್ಕಾ ಪ್ಲಾಟ್ ಹೋಲ್. ಆದರೆ ಇದರಿಂದ ಆ ಸಿನಿಮಾಕ್ಕೆ ಕೂದಲೂ ಕೊಂಕಿಲ್ಲ. ಆ ಕತೆ ನಿಂತಿರುವುದು ಹೊಸ ಆಟಿಕೆ ಬಂದಾಗ ಹಳೆಯದಕ್ಕೆ ಆಗುವ ಸಂಕಟದ ಮೇಲೆ, ಅಲ್ಲಿ ಒಂದು ಬಿರುಕೂ ಇಲ್ಲ.

ತಿರುಗುಮುರುಗು ಆಗುವುದೂ ಉಂಟು. ‘ಟೈಟಾನಿಕ್’ (1997) ಕೊನೆಯಲ್ಲಿ ಆ ಬಾಗಿಲಿನ ಹಲಗೆಯ ಮೇಲೆ ಇಬ್ಬರಿಗೂ ಜಾಗ ಇತ್ತು ಅನ್ನುವ ವಾದ ಕಾಲು ಶತಮಾನದಿಂದ ನಡೆಯುತ್ತಿದೆ. ಸಿನಿಮಾದಲ್ಲೇ ಜ್ಯಾಕ್ ಹತ್ತಲು ನೋಡುತ್ತಾನೆ, ಹಲಗೆ ಮಗುಚುತ್ತದೆ, ಅವನು ಬಿಟ್ಟುಬಿಡುತ್ತಾನೆ. ಜಾಗದ ಪ್ರಶ್ನೆಯೇ ಅಲ್ಲ, ತೇಲುವ ಪ್ರಶ್ನೆ. ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಈ ವಾದಕ್ಕೆ ಬೇಸತ್ತು, ತಣ್ಣೀರಿನ ತೊಟ್ಟಿಯಲ್ಲಿ ಇಬ್ಬರನ್ನು ಇಳಿಸಿ ಪರೀಕ್ಷೆಯನ್ನೇ ಮಾಡಿಸಿದರು. 2023ರಲ್ಲಿ ಅದು ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಪ್ರಸಾರವಾಯಿತು. ಎಲ್ಲ ಸರಿಯಾಗಿ ಹೊಂದಿಸಿಕೊಂಡಿದ್ದರೆ ಬದುಕುವ ಸಾಧ್ಯತೆ ಒಂದಿಷ್ಟು ಇತ್ತು ಅಂತ ತೇಲಿತು. ಆದರೆ ಸೊನ್ನೆ ಡಿಗ್ರಿಗೂ ಕೆಳಗಿನ ಉಪ್ಪುನೀರಿನಲ್ಲಿ, ಕತ್ತಲಲ್ಲಿ, ಸುತ್ತ ಜನ ಸಾಯುತ್ತಿರುವಾಗ, ತಾನು ಪ್ರೀತಿಸಿದವಳು ನೀರಿಗೆ ಬೀಳದಿರಲಿ ಅಂದುಕೊಂಡ ಹುಡುಗನಿಗೆ ಪ್ರಯೋಗಾಲಯದ ತಾಳ್ಮೆ ಎಲ್ಲಿಂದ ಬರಬೇಕು? ಇಲ್ಲಿ ತೂತೇ ಇಲ್ಲ. ಆದರೂ ಇಷ್ಟು ಜನರನ್ನು ಕಾಡಿದೆ ಅಂದರೆ ಅವರು ಕೇಳುತ್ತಿರುವುದು ತರ್ಕದ ಪ್ರಶ್ನೆಯಲ್ಲ. ಅವನು ಸಾಯಬಾರದಿತ್ತು ಅನ್ನುವ ದುಃಖ ತರ್ಕದ ವೇಷ ಹಾಕಿಕೊಂಡು ಬಂದಿದೆ. ಅದನ್ನು ಗುರುತಿಸಿದರೆ ಎದುರಿಗಿರುವವರ ಜೊತೆ ವಾದ ಮಾಡುವ ರೀತಿಯೇ ಬದಲಾಗುತ್ತದೆ.

ಥ್ರಿಲ್ಲರ್ ಸಿನಿಮಾಗಳ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಈ ಬಗೆಯ ಪ್ರಶ್ನೆಗಳನ್ನು ಚೆನ್ನಾಗಿ ಬಲ್ಲವರು. ಪ್ರೇಕ್ಷಕ ಮನೆಗೆ ಹೋಗಿ, ತಿನ್ನಲು ಏನಾದರೂ ಇದೆಯೇ ಅಂತ ಫ್ರಿಜ್ ಬಾಗಿಲು ತೆಗೆದಾಗ ಹೊಳೆಯುವ ಸಂದೇಹಗಳ ಬಗ್ಗೆ ಅವರು ಮಾತಾಡುತ್ತಿದ್ದರು. ಅವರ ‘ವರ್ಟಿಗೊ’ (1958) ಆರಂಭದಲ್ಲಿ ನಾಯಕ ಎತ್ತರದ ಕಟ್ಟಡದ ಸೂರಿನಂಚಿನ ಕೊಳವೆ ಹಿಡಿದು ನೇತಾಡುತ್ತಿರುತ್ತಾನೆ. ಕಾಪಾಡಲು ಬಂದ ಪೊಲೀಸನೂ ಬಿದ್ದು ಸತ್ತ. ಮುಂದಿನ ದೃಶ್ಯದಲ್ಲಿ ನಾಯಕ ಗೆಳತಿಯ ಮನೆಯಲ್ಲಿ ಆರಾಮಾಗಿ ಮಾತಾಡುತ್ತಾ ಕೂತಿದ್ದಾನೆ. ಅಲ್ಲಿಂದ ಇಳಿದದ್ದು ಹೇಗೆ? ಸಿನಿಮಾ ಹೇಳುವುದೇ ಇಲ್ಲ. ನೋಡುತ್ತಿರುವಾಗ ಕೇಳಬೇಕು ಅಂತಲೂ ಅನ್ನಿಸುವುದಿಲ್ಲ, ಏಕೆಂದರೆ ಅವನು ಇಳಿದರೂ ಆ ಭಯ ಅವನೊಳಗಿಂದ ಇಳಿದಿಲ್ಲ ಅನ್ನುವುದೇ ಇಡೀ ಸಿನಿಮಾ.

ಕಾಶ್ಮೀರದ ಹಳಬರು ಹೇಳಿದ್ದು

ಈ ಚರ್ಚೆಗೆ ಬೇಕಾದ ಪರಿಕರಗಳು ಸಾವಿರ ವರ್ಷದ ಹಿಂದೆಯೇ ನಮ್ಮಲ್ಲಿ ಸಿದ್ಧವಾಗಿದ್ದವು. ಸಿನಿಮಾ ವಿಮರ್ಶೆಯಲ್ಲಿ ಅವುಗಳನ್ನು ಇಷ್ಟು ಕಡಿಮೆ ಬಳಸುತ್ತೇವಲ್ಲ ಅನ್ನುವುದು ನನ್ನ ಬೇಸರ.

ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತ, ರಸ ಹುಟ್ಟದಂತೆ ತಡೆಯುವ ಏಳು ವಿಘ್ನಗಳನ್ನು ಪಟ್ಟಿ ಮಾಡುತ್ತಾನೆ. ಮೊಟ್ಟಮೊದಲನೆಯದೇ ಸಂಭಾವನಾವಿರಹ, ಅಂದರೆ ‘ಇದು ನಡೆಯಲು ಸಾಧ್ಯ’ ಎಂದು ನೋಡುವವನಿಗೆ ಅನ್ನಿಸದೇ ಇರುವುದು. ನಂಬಿಕೆಯೇ ಬಾರದ ವಸ್ತುವಿನಲ್ಲಿ ಮನಸ್ಸು ನೆಲೆ ನಿಲ್ಲುವುದಾದರೂ ಹೇಗೆ ಎಂದು ಅವನ ಪ್ರಶ್ನೆ. ‘ಲಾಜಿಕ್ ಇಲ್ಲ’ ಅನ್ನುವವರ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಅವನು ಅಲ್ಲಿಗೇ ನಿಲ್ಲಿಸಿಲ್ಲ, ಪರಿಹಾರವನ್ನೂ ಹೇಳುತ್ತಾನೆ. ಲೋಕದಲ್ಲಿ ಸಾಮಾನ್ಯವಾಗಿ ನಡೆಯುವಂಥದ್ದನ್ನು ತೋರಿಸಿದರೆ ಪ್ರೇಕ್ಷಕ ಸುಲಭವಾಗಿ ಒಪ್ಪುತ್ತಾನೆ. ಲೋಕೋತ್ತರವಾದ ಸಾಹಸ ತೋರಿಸಬೇಕೆಂದರೆ ರಾಮನಂಥ ಪ್ರಸಿದ್ಧ ನಾಯಕರನ್ನು ತೆಗೆದುಕೊಳ್ಳಬೇಕು, ಏಕೆಂದರೆ ಅವರ ಬಗೆಗಿನ ನಂಬಿಕೆ ಜನರ ಮನಸ್ಸಿನಲ್ಲಿ ತಲೆತಲಾಂತರದಿಂದ ಬೇರುಬಿಟ್ಟಿದೆ.

‘ಬಭ್ರುವಾಹನ’ (1977) ನೆನಪಿಸಿಕೊಳ್ಳಿ. ಅರ್ಜುನನೂ ರಾಜ್‌ಕುಮಾರ್, ಮಗನೂ ರಾಜ್‌ಕುಮಾರ್. ಮಗನ ಬಾಣಕ್ಕೆ ಸತ್ತ ಅಪ್ಪ ನಾಗಲೋಕದ ಮಣಿಯಿಂದ ಬದುಕಿ ಏಳುತ್ತಾನೆ. ಅಂಥದ್ದೇ ಮಣಿಯೊಂದು ‘ದೃಶ್ಯ’ದಲ್ಲಿ ಬಂದಿದ್ದರೆ ಜನ ಸೀಟು ಹರಿಯುತ್ತಿದ್ದರು. ಅಸಾಧ್ಯದ ಪ್ರಮಾಣ ಎರಡರಲ್ಲೂ ಒಂದೇ, ಆದರೆ ಪ್ರೇಕ್ಷಕ ಒಪ್ಪಿಕೊಂಡು ಬಂದದ್ದು ಬೇರೆಬೇರೆ.

ಭರತ ಲೋಕಧರ್ಮಿ (ಲೋಕದಲ್ಲಿ ಇದ್ದ ಹಾಗೆ ತೋರಿಸುವುದು), ನಾಟ್ಯಧರ್ಮಿ (ರಂಗದ ಕಟ್ಟುಪಾಡಿನಂತೆ ತೋರಿಸುವುದು) ಎಂದು ಎರಡು ರೂಢಿ ಮಾಡಿದ್ದೂ ಇದಕ್ಕೆ ಪೂರಕ. ಯಕ್ಷಗಾನದಲ್ಲಿ ವೇಷಧಾರಿ ರಂಗಸ್ಥಳಕ್ಕೆ ಒಂದು ಸುತ್ತು ಬಂದರೆ ಹಸ್ತಿನಾವತಿಯಿಂದ ದ್ವಾರಕೆ ತಲುಪಿದ ಹಾಗೆ. ಚಂಡೆಯ ಮುಂದೆ ರಾತ್ರಿ ಪೂರ್ತಿ ಕೂತವರು ಯಾರೂ ‘ಅಷ್ಟು ಬೇಗ ಹೇಗೆ ಹೋದ’ ಅಂತ ಕೇಳಿದ್ದನ್ನು ನಾನು ಕಂಡಿಲ್ಲ. ಅದೇ ಜನ ಸೀರಿಯಲ್ಲಿನಲ್ಲಿ ಒಂದು ಪಾತ್ರ ಹತ್ತು ನಿಮಿಷದಲ್ಲಿ ಬೆಂಗಳೂರಿನಿಂದ ಮೈಸೂರು ತಲುಪಿದರೆ ಬಿಡುವುದಿಲ್ಲ.

ಅಭಿನವಗುಪ್ತನಿಗಿಂತ ಹಿಂದಿನ ಆನಂದವರ್ಧನ ಧ್ವನ್ಯಾಲೋಕದಲ್ಲಿ ಇನ್ನೂ ಗಟ್ಟಿಯಾಗಿ ಹೇಳಿದ್ದಾನೆ: ‘ಅನೌಚಿತ್ಯಾದೃತೇ ನಾನ್ಯದ್ರಸಭಂಗಸ್ಯ ಕಾರಣಮ್’. ಅನೌಚಿತ್ಯ ಒಂದನ್ನು ಬಿಟ್ಟರೆ ರಸಭಂಗಕ್ಕೆ ಬೇರೆ ಕಾರಣವೇ ಇಲ್ಲ. ನನ್ನ ಮಟ್ಟಿಗೆ ಈ ಚರ್ಚೆಯ ತಿರುಳು ಇದರಲ್ಲೇ ಇದೆ. ಲೋಕಕ್ಕೆ ಹೊಂದುತ್ತದೆಯೇ ಅನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು ಈ ಕತೆಗೆ, ಈ ಪಾತ್ರಕ್ಕೆ, ಈ ಸಂದರ್ಭಕ್ಕೆ ಉಚಿತವೇ ಅನ್ನುವುದು. ಗ್ರೀಕರ ಅರಿಸ್ಟಾಟಲ್ ಕೂಡ ಹೆಚ್ಚುಕಡಿಮೆ ಇದೇ ದಾರಿ ಹಿಡಿದಿದ್ದ. ನಂಬಲಾಗದ ಸಾಧ್ಯಕ್ಕಿಂತ ನಂಬಬಹುದಾದ ಅಸಾಧ್ಯವೇ ಮೇಲು ಎಂದಿದ್ದ.

ಸಿನಿಮಾ ಮೊದಲ ಹತ್ತು ನಿಮಿಷದಲ್ಲಿ ಮಾಡುವ ಕರಾರು

ಪುರಾಣದ ನಾಯಕರಿಗೆ ಪ್ರಸಿದ್ಧಿಯ ಬಲ ಇದೆ. ಹೊಸ ಕತೆಗೆ ಅದಿಲ್ಲ, ಹಾಗಾಗಿ ಅದು ತನ್ನ ನಿಯಮಗಳನ್ನು ತಾನೇ ಬೇಗ ಹೇಳಿಬಿಡಬೇಕು. ‘ಕಾಂತಾರ’ (2022) ಆರಂಭದಲ್ಲೇ ರಾಜನ ಕತೆ ಹೇಳಿ, ಕೋಲ ಕಟ್ಟಿದವರು ಕಾಡಿನೊಳಗೆ ಓಡಿ ಮಾಯವಾಗುವುದನ್ನು ತೋರಿಸಿಬಿಡುತ್ತದೆ. ಈ ಲೋಕದಲ್ಲಿ ಹೀಗೂ ಆಗುತ್ತದೆ ಎಂಬ ಕರಾರು ಅಲ್ಲೇ ಆಗುತ್ತದೆ. ಹಾಗಾಗಿ ಕ್ಲೈಮ್ಯಾಕ್ಸಿನಲ್ಲಿ ದೈವ ಮೈಮೇಲೆ ಬಂದಾಗ ದೇವರನ್ನು ನಂಬದವರೂ ಕುರ್ಚಿಯ ತುದಿಗೆ ಬಂದು ಕೂತರು. ಅದೇ ಘಟನೆ ಯಾವ ಸಿದ್ಧತೆಯೂ ಇಲ್ಲದೆ ಕೊನೆಯಲ್ಲಿ ಮಾತ್ರ ಬಂದಿದ್ದರೆ ಕಟ್ಟಿದ್ದೆಲ್ಲ ಕುಸಿಯುತ್ತಿತ್ತು.

ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ಇದಕ್ಕಿಂತ ಕಷ್ಟದ ದಾರಿ ಹಿಡಿದಿತ್ತು. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಬೈಕಿನವರು ಡಿವೈಡರಿನ ಕಲ್ಲು ಸರಿಸಿ ನಡುವಿನಲ್ಲೇ ತಿರುಗಿಸಿಕೊಂಡು ಹೋಗುವ ಅಭ್ಯಾಸ ಆಗ ಕಣ್ಣೆದುರಿನ ಸತ್ಯವಾಗಿತ್ತು. ಅಲ್ಲಿಂದ ಹೊರಟ ಕತೆ ಬಹಳ ಹೊತ್ತು ಲೋಕಧರ್ಮಿಯಲ್ಲೇ ನಡೆದು, ಆಮೇಲೆ ದೆವ್ವದ ಕಡೆ ಹೊರಳುತ್ತದೆ. ನಿರಾಸೆಯಾದವರು ‘ದೆವ್ವ ಎಲ್ಲಿದೆ, ಲಾಜಿಕ್ ಇಲ್ಲ’ ಅಂದರು. ದೆವ್ವ ಇದ್ದದ್ದು ಅವರ ನಿಜವಾದ ದೂರಾಗಿರಲಿಲ್ಲ, ತಾವು ಪತ್ತೇದಾರಿ ಕತೆಗೆ ಒಪ್ಪಿ ಕೂತಿದ್ದೆವು ಅನ್ನುವುದು ದೂರು. ನನಗೆ ಆ ಹೊರಳು ಒಪ್ಪಿಗೆಯಾಯಿತು. ಒಂದು ಸಣ್ಣ ನಾಗರಿಕ ತಪ್ಪಿಗೆ ಹೆಣ ಬೀಳುತ್ತದೆ ಅನ್ನುವುದನ್ನು ಕಾನೂನಿನ ಭಾಷೆಯಲ್ಲಿ ಅಷ್ಟು ಗಟ್ಟಿಯಾಗಿ ಹೇಳಲು ಬರುತ್ತಿರಲಿಲ್ಲ. ಒಪ್ಪದವರ ಕಾರಣವೂ ನ್ಯಾಯವಾದದ್ದೇ.

ಅದೇ ನಿರ್ದೇಶಕರ ‘ಲೂಸಿಯಾ’ (2013) ಇನ್ನೊಂದು ಪಾಠ ಕಲಿಸಿತು. ಟಾಕೀಸಿನಲ್ಲಿ ಟಾರ್ಚ್ ಬಿಡುವ ಹುಡುಗ ಒಂದು ಕಡೆ, ಸಿನಿಮಾ ಸ್ಟಾರ್ ಇನ್ನೊಂದು ಕಡೆ; ಒಂದು ಬಣ್ಣದಲ್ಲಿ, ಒಂದು ಕಪ್ಪುಬಿಳುಪಿನಲ್ಲಿ. ಮೊದಲ ಸಲ ನೋಡುವಾಗ ಹೊಂದುತ್ತಿಲ್ಲ ಅನ್ನಿಸಿದ ತುಣುಕುಗಳು, ಯಾವುದು ಕನಸು ಅಂತ ಗೊತ್ತಾದ ಮೇಲೆ ಸುಳಿವುಗಳಾಗಿ ಕಾಣುತ್ತವೆ. ಇಂಟರ್ವಲ್ಲಿನಲ್ಲೇ ‘ತೂತು’ ಅಂತ ತೀರ್ಪು ಕೊಟ್ಟರೆ ಕಳೆದುಕೊಳ್ಳುವುದು ನಾವೇ.

‘ತಿಥಿ’ಯ ಬಗ್ಗೆ ಈ ಥರದ ಜಗಳ ಆಗಿದ್ದನ್ನು ನಾನು ಕೇಳಿಲ್ಲ. ಮಂಡ್ಯದ ನೊದೆಕೊಪ್ಪಲಿನ ಜನರೇ ಪಾತ್ರ ಮಾಡಿದ ಆ ಸಿನಿಮಾ 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಅಲ್ಲಿ ಕಾಕತಾಳೀಯಗಳು ಇಲ್ಲವೆಂದಲ್ಲ. ಗಡ್ಡಪ್ಪ ನಡೆಯುವ ರೀತಿ, ಕುಡಿಯುವ ರೀತಿ, ಮಾತು ನುಂಗುವ ರೀತಿ ಎಷ್ಟು ನಿಜ ಅನ್ನಿಸುತ್ತದೆ ಅಂದರೆ ಕತೆಯ ಲೆಕ್ಕ ಹಾಕಲು ಮನಸ್ಸೇ ಬರುವುದಿಲ್ಲ. ಮನುಷ್ಯರು ನಿಜವಾಗಿದ್ದರೆ ಘಟನೆಗಳಿಗೆ ಸಾಲ ಸುಲಭವಾಗಿ ಸಿಗುತ್ತದೆ.

ಕಾಕತಾಳೀಯದ ವಿಷಯಕ್ಕೆ ಒಂದು ಮಾತು. ನಾಯಕನನ್ನು ಕಷ್ಟಕ್ಕೆ ತಳ್ಳುವ ಕಾಕತಾಳೀಯವನ್ನು ನಾವು ಒಪ್ಪುತ್ತೇವೆ, ಅವನನ್ನು ಪಾರು ಮಾಡುವ ಕಾಕತಾಳೀಯವನ್ನು ಒಪ್ಪುವುದಿಲ್ಲ. ‘ಕಸ್ತೂರಿ ನಿವಾಸ’ದಲ್ಲಿ (1971) ಎಲ್ಲವನ್ನೂ ದಾನ ಮಾಡಿ ಬರಿಗೈಯಾದವನ ಮನೆಗೆ ನಾಯಕಿ ಅದೇ ದಿನ ಬರುತ್ತಾಳೆ, ಅವನು ಸಾಕಿದ ಪಾರಿವಾಳವನ್ನೇ ಕೇಳುತ್ತಾಳೆ, ಅವಳಿಗೆ ಊಟ ಹಾಕುವುದಕ್ಕಾಗಿಯೇ ಅವನು ಅದನ್ನು ಆಗಲೇ ಕಳೆದುಕೊಂಡಿರುತ್ತಾನೆ. ಲೆಕ್ಕ ಹಾಕಿದರೆ ಇಂಥದ್ದು ನಡೆಯುವ ಸಂಭವ ತೀರ ಕಡಿಮೆ. ಆದರೂ ಆ ದೃಶ್ಯದಲ್ಲಿ ಕಣ್ಣೊರೆಸಿಕೊಳ್ಳದವರು ಕಡಿಮೆ. ಕೊಟ್ಟ ಕೈ ಕೊಡಲಾಗದೆ ನಿಲ್ಲುವುದು ಆ ಮನುಷ್ಯನಿಗೆ ಬರಬಹುದಾದ ಅತಿ ಕ್ರೂರ ಶಿಕ್ಷೆ. ಔಚಿತ್ಯದ ಮುಂದೆ ಸಂಭವನೀಯತೆ ಸೋಲುತ್ತದೆ. ಅದೇ ಹೊತ್ತಿಗೆ ಸರಿಯಾಗಿ ಲಾಟರಿ ಹೊಡೆದು ಅವನು ಶ್ರೀಮಂತನಾಗಿದ್ದರೆ ಯಾರು ಒಪ್ಪುತ್ತಿದ್ದರು?

ಗೊತ್ತಿದ್ದವರ ಕಷ್ಟ

ಪ್ರತಿಯೊಬ್ಬ ನೋಡುಗನೂ ತನ್ನ ಕಸುಬಿನ ಜಾಗದಲ್ಲಿ ಎಡವುತ್ತಾನೆ. ಮಾನಿಟರಿನಲ್ಲಿ ಗೆರೆ ನೇರವಾದಾಗ ಎದೆಗೆ ಕರೆಂಟ್ ಕೊಟ್ಟು ಬದುಕಿಸುವ ದೃಶ್ಯ ಬಂದರೆ ಡಾಕ್ಟರು ನರಳುತ್ತಾರೆ, ಏಕೆಂದರೆ ಆ ಶಾಕ್ ಇರುವುದು ಗತಿ ತಪ್ಪಿದ ಹೃದಯಬಡಿತಕ್ಕೆ, ಪೂರ್ತಿ ನಿಂತ ಹೃದಯಕ್ಕಲ್ಲ. ವಕೀಲರಿಗೆ ನಮ್ಮ ಕೋರ್ಟ್ ಸೀನುಗಳೆಂದರೆ 
ಸಂಕಟ: ನಮ್ಮ ನ್ಯಾಯಾಧೀಶರು ಸುತ್ತಿಗೆ ಕುಟ್ಟಿ ‘ಆರ್ಡರ್ ಆರ್ಡರ್’ ಅನ್ನುವುದಿಲ್ಲ. ಸಾಕ್ಷಿಗಳು ಗೀತೆಯ ಮೇಲೆ ಕೈ ಇಡಬೇಕೆಂದೂ ಇಲ್ಲ. 1969ರ ಪ್ರಮಾಣ ಕಾಯ್ದೆಯ ಪ್ರಕಾರ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು ಅಥವಾ ದೇವರ ಹೆಸರೆತ್ತದೆ ದೃಢೀಕರಿಸಬಹುದು. ಖಗೋಳ ವಿಜ್ಞಾನಿ ನೀಲ್ ಡಿಗ್ರಾಸ್ ಟೈಸನ್ ಅವರಿಗೆ ‘ಟೈಟಾನಿಕ್’ನಲ್ಲಿ ಕಾಡಿದ್ದು ಆಕಾಶ. ಹಡಗು ಮುಳುಗಿದ ರಾತ್ರಿ, ಆ ಜಾಗದಲ್ಲಿ ಕಾಣಬೇಕಿದ್ದ ನಕ್ಷತ್ರಗಳು ಅಲ್ಲಿರಲಿಲ್ಲ. ಹೇಳಿ ಹೇಳಿ ಕೊನೆಗೆ 2012ರ ತ್ರೀಡಿ ಮರುಬಿಡುಗಡೆಯಲ್ಲಿ ಕ್ಯಾಮರೂನ್ ಆಕಾಶವನ್ನು ಸರಿಪಡಿಸಿದರು. ಹಡಗಿನ ತಟ್ಟೆ-ಚಮಚವೂ ಮೂಲದಂತೆಯೇ ಇರಬೇಕೆಂದು ಹಟ ಹಿಡಿದು ಮಾಡಿದ ಸಿನಿಮಾಕ್ಕೆ ಈ ಆಕ್ಷೇಪ ನ್ಯಾಯವಾದದ್ದು. ನಿಖರತೆಯನ್ನೇ ಹೆಮ್ಮೆಯಾಗಿ ಹೇಳಿಕೊಂಡವರನ್ನು ನಿಖರತೆಯಿಂದಲೇ ಅಳೆಯಬೇಕು.

ಇಂಥ ಗೆಳೆಯರು ಪಕ್ಕದಲ್ಲಿ ಕೂತು ನೋಡುವಾಗ ಬಾಯಿ ಮುಚ್ಚಿಸುವುದು ನನಗೆ ಸರಿ ಕಾಣುವುದಿಲ್ಲ. ಸಿನಿಮಾ ಮುಗಿಯಲಿ, ಆಮೇಲೆ ಅವರನ್ನು ಮಾತಾಡಿಸಬೇಕು. ಭಾವ ಆ ದಿನ ನೆಲ ಹೇಗೆ ಕೂರುತ್ತದೆ ಅಂತ ವಿವರಿಸಿದ್ದು ನನಗೆ ಇವತ್ತಿಗೂ ಖುಷಿಯ ನೆನಪು. ಎದುರಿಗಿರುವವರ ಹತ್ತಿರ ‘ಅದು ತಪ್ಪು’ ಅನ್ನುವ ಮೊದಲು ‘ನಿಮಗೆ ಎಲ್ಲಿ ನಂಬಿಕೆ ಹೋಯಿತು?’ ಎಂದು ಕೇಳಿದರೆ ಸಾಕು, ದೂರು ಯಾವ ಜಾತಿಯದು ಅಂತ ತಾನಾಗಿಯೇ ಗೊತ್ತಾಗುತ್ತದೆ. ಎಷ್ಟೋ ಸಲ ನಂಬಿಕೆ ಹೋದ ಜಾಗ ಅವರು ಬೆರಳು ತೋರಿಸುತ್ತಿರುವ ಜಾಗಕ್ಕಿಂತ ಬಹಳ ಹಿಂದೆ ಇರುತ್ತದೆ. ಮೊದಲ ಅರ್ಧದಲ್ಲೇ ಪಾತ್ರದ ಮೇಲೆ ಪ್ರೀತಿ ಹುಟ್ಟಲಿಲ್ಲ. ಕೈ ಖಾಲಿಯಾಗಿದ್ದಕ್ಕೆ ಎರಡನೇ ಅರ್ಧದಲ್ಲಿ ತೂತು ಹುಡುಕಿದರು.

ಹೆಸರು ನಿಜವಾದಾಗ

ಇದೆಲ್ಲ ಕಲ್ಪಿತ ಲೋಕದ ಮಾತಾಯಿತು. ನಿಜವಾದ ಊರು, ನಿಜವಾದ ಜನರ ಹೆಸರು ಬಂದಾಗ ಲೆಕ್ಕ ಬದಲಾಗುತ್ತದೆ, ಮತ್ತು ಇದರ ಬಗ್ಗೆ ನಾವು ಆಡಬೇಕಾದಷ್ಟು ಜಗಳ ಆಡುತ್ತಿಲ್ಲ.

‘ಕೆಜಿಎಫ್’ ಎರಡು ಭಾಗಗಳ (2018, 2022) ಬಗ್ಗೆ ಹೆಚ್ಚಿನ ವಾದ ನಡೆದದ್ದು ಬಂದೂಕಿನ ಮೇಲೆ. ಪೊಲೀಸ್ ಠಾಣೆಯನ್ನೇ ಪುಡಿ ಮಾಡಿ, ಕೆಂಪಗೆ ಕಾದ ನಳಿಗೆಯಲ್ಲಿ ಸಿಗರೇಟು ಹಚ್ಚಿಕೊಳ್ಳುವ ದೃಶ್ಯ ಸಾಧ್ಯವೇ ಅನ್ನುವುದು ನನಗೆ ಮುಖ್ಯ ಅನ್ನಿಸುವುದಿಲ್ಲ. ಮೊದಲ ಭಾಗದ ಮೊದಲ ನಿಮಿಷಗಳಿಂದಲೇ ಅದು ದಂತಕತೆಯ ಧಾಟಿ ಹಿಡಿದಿದೆ. ಹಿರಿಯ ಪತ್ರಕರ್ತನೊಬ್ಬ ಸರ್ಕಾರ ನಿಷೇಧಿಸಿದ ಪುಸ್ತಕದ ಕತೆ ಹೇಳುತ್ತಿದ್ದಾನೆ. ‘ಇದೆಲ್ಲ ಚರಿತ್ರೆಯಲ್ಲಿ ಏಕಿಲ್ಲ’ ಎಂಬ ಪ್ರಶ್ನೆಗೆ ಉತ್ತರ ಆ ನಿಷೇಧದಲ್ಲೇ ಇದೆ. ಕತೆಯ ಕಟ್ಟಡವಾಗಿ ಅದು ಜಾಣತನದ್ದು, ಅದರೊಳಗೆ ಆ ಬಂದೂಕಿಗೆ ಜಾಗ ಇದೆ.

ನನ್ನ ತಕರಾರು ಇರುವುದು ಬೇರೆ ಕಡೆ. ಸಿನಿಮಾದಲ್ಲಿ ಚಿನ್ನ ಸಿಗುವುದು 1951ರಲ್ಲಿ, ಅದೂ ಗುಟ್ಟಾಗಿ. ಜನರನ್ನು ಹಿಡಿದು ತಂದು ಜೀತಕ್ಕೆ ಹಾಕುತ್ತಾರೆ. ನಿಜವಾದ ಕೋಲಾರ ಚಿನ್ನದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರು ಮಾಡಿದ್ದು 1880ರ ಹೊತ್ತಿಗೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಅಲ್ಲಿಗೆ ವಿದ್ಯುತ್ ಕೊಟ್ಟರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಆಳದ ಬಿಸಿಯಲ್ಲಿ ಕೆಲಸ ಮಾಡಿದವರಲ್ಲಿ ಬಹುಪಾಲು ತಮಿಳು, ತೆಲುಗು ಮಾತಾಡುವ ಬಡ ಕೂಲಿಕಾರರು. ಬಂಡೆ ಸಿಡಿದು ಸತ್ತವರಿದ್ದಾರೆ, ಕಲ್ಲುಪುಡಿ ಕುಡಿದು ಶ್ವಾಸಕೋಶ ಕೆಟ್ಟು ಸತ್ತವರಿದ್ದಾರೆ. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು, 2001ರ ಫೆಬ್ರವರಿ 28ರಂದು ಮುಚ್ಚಿತು. ಆ ಕುಟುಂಬಗಳು ಇವತ್ತಿಗೂ ಅಲ್ಲಿವೆ. ಎಷ್ಟೋ ಜನ ದಿನಾ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಾರೆ.

ಆರಂಭದಲ್ಲಿ ‘ಇದು ಕಾಲ್ಪನಿಕ’ ಎಂಬ ಒಂದು ಸಾಲು ಹಾಕಿದರೆ ಕಾನೂನಿನ ಕೆಲಸ ಮುಗಿಯುತ್ತದೆ. ಆದರೆ ದೇಶದ ಬೇರೆ ಮೂಲೆಗಳಲ್ಲಿ ಕೆಜಿಎಫ್ ಅಂದರೆ ಈಗ ಮೊದಲು ನೆನಪಾಗುವುದು ಆ ಸಿನಿಮಾ. ಹೊಸ ಹೆಸರಿನ ಒಂದು ಊರು ಕಟ್ಟಿದ್ದರೆ ದಂತಕತೆಗೆ ಏನೂ ಕಡಿಮೆಯಾಗುತ್ತಿರಲಿಲ್ಲ ಅಂತ ನಾನು ನಂಬುತ್ತೇನೆ. ನಿಜದ ಹೆಸರು ತಂದುಕೊಡುವ ಗತ್ತು ಬೇಕೆಂದರೆ ಆ ಹೆಸರಿನ ಕೆಳಗೆ ದುಡಿದವರ ಸಂಬಳ, ಸಂಘ, ಮುಷ್ಕರ, ಕಾಯಿಲೆ ಇವುಗಳಲ್ಲಿ ಒಂದಾದರೂ ಪರದೆಯ ಮೇಲೆ ಬರಬೇಕಿತ್ತು. ಬಂದೂಕಿನ ಬಗ್ಗೆ ನಾವು ಕಳೆದ ಗಂಟೆಗಳಲ್ಲಿ ಅರ್ಧವನ್ನಾದರೂ ಈ ಪ್ರಶ್ನೆಗೆ ಕೊಡೋಣ ಅಂತ ಗೆಳೆಯರ ಹತ್ತಿರ ನಾನು ಹೇಳುತ್ತಲೇ ಇರುತ್ತೇನೆ. ಕೆಲವರು ಒಪ್ಪುತ್ತಾರೆ. ದಂತಕತೆಗೆ ಹೆಸರಿನ ಋಣ ಇಲ್ಲ ಅನ್ನುವವರೂ ಇದ್ದಾರೆ, ಅವರ ಜೊತೆ ವಾದ ಇನ್ನೂ ಮುಗಿದಿಲ್ಲ.